ಕೈಗೆ ಕೇಳಿಸಿದ ಸದ್ದು

ಸೋದರಿಯರೇ, ಅಡಿಗೆಮನೆ ಬಿಟ್ಟು ಇವಳೇಕೆ ಕಂಪ್ಯೂಟರಿನ ಆಟಕ್ಕೆ ಕೈಹಾಕಿದಳು ಎಂದು ನಗಬೇಡಿ. ನಗುವುದಾದರೂ ಪೂರ್ತಿ ಓದಿ ಆಮೇಲೆ ನಗಿ.

ನಮ್ಮ ಕಿರಿಯವನಿಗೆ ಹನ್ನೆರಡು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸದು. ಕಳೆದ ದೀಪಾವಳಿಗೆ ಅಣ್ಣನ ಮಕ್ಕಳು ಬಂದಿದ್ದಾಗ ಎಲ್ಲರೂ ಸೇರಿ ಕಂಪ್ಯೂಟರಿನಲ್ಲಿ 'ಔಟ್ ರನ್' ಎಂಬ ಕಾರಿನ ಆಟ ಆಡುತ್ತಿದ್ದರು. 1986ರಲ್ಲಿ ಜಪಾನಿನ ಸೆಗಾ ಕಂಪೆನಿಯವರು ಮಾಡಿದ, ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಆಟ ಅದು. ಇಂಥ ಹಳೆಯ ಪೆಟ್ಟಿಗೆಗಳಂತೆಯೇ ಕಂಪ್ಯೂಟರನ್ನು ನಡೆಸುವ 'ಮೇಮ್' ಎಂಬ ಎಮ್ಯುಲೇಟರ್ 1997ರಿಂದಲೂ ಇದೆಯಂತೆ. ಗಾಲಿ ಕಿರುಗುಟ್ಟಿದೊಡನೆ ಉಳಿದ ಮಕ್ಕಳು ಎಚ್ಚರವಾಗುತ್ತಿದ್ದರು. ಇವನಿಗೆ ಅದು ಹೇಗೆ ತಿಳಿಯಬೇಕು? ಎರಡು ಸಲ ಕಾರು ಮಗುಚಿತು. "ಅವನು ಸುಮ್ನೆ ನೋಡ್ಲಿ ಬಿಡಿ ಅತ್ತೆ" ಎಂದ ದೊಡ್ಡ ಹುಡುಗ. ಕೆಟ್ಟ ಮನಸ್ಸಿನ ಮಾತೇನಲ್ಲ. ಆದರೆ ತುಟಿ ನೋಡಿಯೇ ಮಾತು ಹಿಡಿಯುವ ಮಗು ನಮ್ಮದು. ಎದ್ದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತ. ಕಜ್ಜಾಯ ಕೊಟ್ಟರೂ ಮುಟ್ಟಲಿಲ್ಲ.

ರಾತ್ರಿ ಬೆಂಗಳೂರಿನಲ್ಲಿರುವ ಹಿರಿಯವನಿಗೆ ಫೋನು ಮಾಡಿ ಹೇಳಿಕೊಂಡೆ. "ಅಮ್ಮ, ಆ ಆಟದ ನಿಂತು ಆಡೋ ಪೆಟ್ಟಿಗೇಲಿ ಸ್ಟೀರಿಂಗೇ ನಡುಗ್ತಿತ್ತು. ನಾನು ಕೊಟ್ಟು ಬಂದ ಕಂಟ್ರೋಲರಲ್ಲೂ ಮೋಟಾರ್ ಇದೆ. ನಡುಗಿಸ್ಬಹುದು" ಎಂದ.

ನಡುಗುವುದು ಹೇಗೆ ಅಂತೀರಾ? ನಮ್ಮ ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆಯೆಲ್ಲ ಒಂದೇ ಕಡೆ ಸೇರಿಕೊಂಡರೆ ಮೆಷಿನ್ನೇ ಕುಣಿಯುವುದಿಲ್ಲವೇ, ಅದೇ ಸಂಗತಿ. ಪುಟ್ಟ ಮೋಟಾರಿನ ಕಡ್ಡಿಗೆ ಒಂದು ಪಕ್ಕಕ್ಕೆ ಮಾತ್ರ ತೂಕ ಕೂಡಿಸಿರುತ್ತಾರೆ. ನಮ್ಮ ಕಂಟ್ರೋಲರಿನ ಎಡಗಡೆ ದೊಡ್ಡ ತೂಕ, ಗುಡುಗಿನಂಥ ನಡುಕ; ಬಲಗಡೆ ಚಿಕ್ಕದು, ಜೇನ್ನೊಣದ ಹಾಗೆ. ಫೋರ್ಸ್ ಫೀಡ್‌ಬ್ಯಾಕ್ ಎಂಬುದು ಬೇರೆ. ಅದರಲ್ಲಿ ಸ್ಟೀರಿಂಗೇ ನಮ್ಮ ಕೈಯನ್ನು ಎದುರಿಗೆ ಎಳೆಯುತ್ತದೆ. 1989ರ 'ಹಾರ್ಡ್ ಡ್ರೈವಿನ್' ಆಟದಲ್ಲಿ ಅದಿತ್ತು. ಅಂಥ ಸ್ಟೀರಿಂಗ್ ಕೊಳ್ಳುವ ದುಡ್ಡಿಗೆ ನಮ್ಮನೆಯ ಎರಡು ತಿಂಗಳ ದಿನಸಿ ಬರುತ್ತದೆ. ಅದರ ಮಾತೇ ಬೇಡ.

ಊರಿನ ರಿಪೇರಿಯವರೊಬ್ಬರು "ಹಳೇ ಆಟಕ್ಕೆಲ್ಲ ಅದು ಬರಲ್ಲಮ್ಮ" ಎಂದು ಕೈ ತೊಳೆದುಕೊಂಡರು. ನಮ್ಮ ಮನೆಯವರು ಪೇಪರ್ ಮಡಿಸಿ, "ನಿನಗ್ಯಾಕೆ ಇಲ್ಲದ ಉಸಾಬರಿ" ಎಂದರು. ನನಗೂ ಹಟ ಬಂತು.

ನಡೆದದ್ದಿಷ್ಟು. ಮೋಟಾರು ಯಾವಾಗ ತಿರುಗಬೇಕು ಎಂಬುದು ಮೇಮ್‌ಗೆ ಗೊತ್ತು, ಆದರೆ ಆ ಸುದ್ದಿಯನ್ನು ಕಂಟ್ರೋಲರಿಗೆ ಮುಟ್ಟಿಸುವವರಿಲ್ಲ. ಆ ಕೆಲಸಕ್ಕೆ 'ಎಫ್‌ಎಫ್‌ಬಿ ಆರ್ಕೇಡ್ ಪ್ಲಗಿನ್' ಎಂಬುದನ್ನು ಹಾಕಿಕೊಳ್ಳಬೇಕು. ಹಾಕಿದೆ. ಏನೂ ಆಗಲಿಲ್ಲ. ನಮ್ಮ ಮೇಮ್ 64 ಬಿಟ್‌ನದು, ನಾನು ಹಾಕಿದ ಕಡತ 32ರದು. ಸೇರಿನ ಪಾತ್ರೆಗೆ ಪಾವಿನ ಮುಚ್ಚಳ ಇಟ್ಟ ಹಾಗೆ! ಅದನ್ನು ಸರಿಮಾಡಿದೆ. ಆಗಲೂ ಇಲ್ಲ. 'ಮೇಮ್ ಡಾಟ್ ಐಎನ್ಐ' ಎಂಬ ಕಡತದಲ್ಲಿ 'ಔಟ್‌ಪುಟ್' ಎಂಬ ಸಾಲಿನ ಎದುರು 'ವಿಂಡೋಸ್' ಎಂದು ಬರೆಯದಿದ್ದರೆ ಮೇಮ್ ಬಾಯಿಯೇ ಬಿಡುವುದಿಲ್ಲವಂತೆ. ಅದನ್ನೂ ಬರೆದೆ. ಕೊನೆಗೆ ಉಳಿದದ್ದು ಕಂಟ್ರೋಲರಿನ ಉದ್ದನೆಯ ಗುರುತು ಸಂಖ್ಯೆ. ಪ್ಲಗಿನ್ನಿನ ಕಡತದಲ್ಲಿ ಅದನ್ನು ತುಂಬಿಸಬೇಕು. ಮಗ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿಸಿಕೊಂಡು ತಾಳೆ ನೋಡಿದ. ಎರಡು ಕಡೆ ತಪ್ಪಿದ್ದೆ.

ಭಾನುವಾರ ಸಂಜೆ ಕಿರಿಯವನನ್ನು ಕರೆದು ಕಂಟ್ರೋಲರ್ ಕೈಗಿಟ್ಟೆ. ಆಡುವ ಮನಸ್ಸಿಲ್ಲದೆಯೇ ಕೂತ. ಕಾರು ರಸ್ತೆಯಂಚು ದಾಟಿತು. ಬಿಸಿ ತಾಗಿದವನ ಹಾಗೆ ಕೈ ಬಿಟ್ಟುಬಿಟ್ಟ! ಮತ್ತೆ ಹಿಡಿದ. ಬೇಕೆಂದೇ ರಸ್ತೆ ಬಿಡಿಸಿ ನೋಡಿದ, ಒಳಗೆ ತಂದ, ಮತ್ತೆ ಬಿಡಿಸಿದ. ಹತ್ತು ನಿಮಿಷ ಕಳೆಯುವುದರೊಳಗೆ ಅಂಚು ತಾಗಿದೊಡನೆ ತಿರುಗಿಸುವುದನ್ನು ಕಲಿತ. ಆಮೇಲೆ ನನ್ನ ಕೈಯನ್ನೆಳೆದು ಕಂಟ್ರೋಲರಿನ ಮೇಲಿಟ್ಟು, ಸನ್ನೆಯಲ್ಲಿ ಕೇಳಿದ: "ನಿಮಗೆಲ್ಲ ಹೀಗೇ ಕೇಳಿಸುತ್ತಾ?"

ಹೌದೆಂದು ತಲೆಯಾಡಿಸಿದೆ. ಒಲೆಯ ಮೇಲಿಟ್ಟ ಹಾಲು ಅಷ್ಟೊತ್ತಿಗೆ ಉಕ್ಕಿ ಹರಿದಿತ್ತು.

ಬೇಸಿಗೆ ರಜೆಗೆ ಅಣ್ಣನ ಮಕ್ಕಳು ಮತ್ತೆ ಬರುತ್ತಾರೆ. ಇವನು ಕಂಟ್ರೋಲರನ್ನು ಯಾರ ಕೈಗೂ ಕೊಡುವ ಲಕ್ಷಣವಿಲ್ಲ. ಇನ್ನೊಂದನ್ನು ತರಿಸಬೇಕೆಂದು ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದೇನೆ.