ಎರಡನೇ ಹೆಲ್ಮೆಟ್

ನಮ್ಮ ತಿಪಟೂರಿನಲ್ಲಿ ಹೆಲ್ಮೆಟ್ ಅನ್ನೋದು ತಲೆಗೆ ಹಾಕಿಕೊಳ್ಳುವ ವಸ್ತು ಅಲ್ಲ, ಬೈಕಿನ ಕನ್ನಡಿಗೆ ನೇತುಹಾಕುವ ವಸ್ತು. ಅಪ್ಪ ಅಂತೂ ನಾವು ಚಿಕ್ಕವರಿದ್ದಾಗ ನಮ್ಮನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಹಾಗೇ ಈಗ ಹೆಲ್ಮೆಟ್ಟನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಎದುರಿಗೆ ಬರುವವರು ತಲೆ ಮೇಲೆ ಕೈಯಾಡಿಸಿ ಸನ್ನೆ ಮಾಡಿದರೆ "ಮುಂದೆ ಪೊಲೀಸರಿದ್ದಾರೆ" ಅಂತ ಅರ್ಥ. ಆಗ ಗಾಡಿ ನಿಲ್ಲಿಸಿ, ಹೆಲ್ಮೆಟ್ ಹಾಕಿ, ಪೊಲೀಸರ ಮುಂದೆ ಗಂಭೀರವಾಗಿ ಹೋಗಿ, ನೂರು ಮೀಟರ್ ದಾಟಿದ ಮೇಲೆ ಮತ್ತೆ ಟ್ಯಾಂಕಿನ ಮೇಲೆ. "ಮೂವತ್ತು ವರ್ಷದಿಂದ ಓಡಿಸ್ತಿದೀನಿ ಕಣೋ, ಒಂದಿನ ಬಿದ್ದಿದೀನಾ?" ಅನ್ನೋದು ಅಪ್ಪನ ವಾದ. ಮೇಷ್ಟ್ರು ಬೇರೆ, ವಾದದಲ್ಲಿ ಗೆಲ್ಲೋದು ಕಷ್ಟ :)

ಬೆಂಗಳೂರಿಗೆ ಬಂದ ಮೇಲೆ ಬೇರೆ ಬೇರೆ ಜಾತಿಯ ಹೆಲ್ಮೆಟ್‌ಧಾರಿಗಳನ್ನು ನೋಡಿದೆ. ಮೊಣಕೈಗೆ ಸಿಕ್ಕಿಸಿಕೊಳ್ಳುವವರು (ಮೊಣಕೈ ಮಾತ್ರ ಸುರಕ್ಷಿತವಾಗಿರುತ್ತೆ). ಗದ್ದದ ಪಟ್ಟಿ ಗಾಳಿಗೆ ಪಟಪಟ ಹಾರುತ್ತಿದ್ದರೂ ತಲೆ ಕೆಡಿಸಿಕೊಳ್ಳದವರು. ಹೆಲ್ಮೆಟ್ಟಿಗೂ ಕಿವಿಗೂ ಮಧ್ಯೆ ಮೊಬೈಲ್ ತುರುಕಿ ಸಿಲ್ಕ್ ಬೋರ್ಡಿನಿಂದ ಹೆಬ್ಬಾಳದವರೆಗೂ ಮಾತಾಡುವವರು. ಅರ್ಧ ತೆಂಗಿನ ಚಿಪ್ಪಿನಂಥ ಟೋಪಿ ಹೆಲ್ಮೆಟ್ ಹಾಕುವವರು. ಇವರನ್ನೆಲ್ಲ ನೋಡಿ ಸಿಗ್ನಲ್ಲಿನಲ್ಲಿ ಮನಸ್ಸಿನಲ್ಲೇ ನಗುತ್ತಿದ್ದ ಇನ್ನೊಂದು ಜಾತಿ ಇತ್ತು. ಅದು ನಾನು.

ಯಾಕಂದ್ರೆ ನನ್ನದು ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್. ಎರಡು ವಾರ ಇಂಟರ್‌ನೆಟ್ಟಿನಲ್ಲಿ ಓದಿ, ಅಂಗಡಿಯಲ್ಲಿ ಐದಾರು ಹಾಕಿ ನೋಡಿ, 3,800 ರೂಪಾಯಿ ಕೊಟ್ಟು ತಂದಿದ್ದು. ಆಫೀಸಿನಲ್ಲಿ ಯಾರಾದರೂ ಹೆಲ್ಮೆಟ್ ಬಗ್ಗೆ ಮಾತೆತ್ತಿದರೆ ಕಾಫಿ ಬ್ರೇಕ್ ಮುಗಿಯುವವರೆಗೂ ನನ್ನದೇ ಭಾಷಣ.

ಈಗ ಎರಡನೇ ಹೆಲ್ಮೆಟ್ ವಿಷಯಕ್ಕೆ ಬರ್ತೀನಿ.

ಮೋಟಾರು ವಾಹನ ಕಾಯ್ದೆ 1988ರದು. ಅದರ 129ನೇ ಸೆಕ್ಷನ್ ಹೆಲ್ಮೆಟ್ ಬೇಕು ಅನ್ನುತ್ತೆ (ಪೇಟ ಸುತ್ತಿದ ಸಿಖ್ಖರಿಗೆ ವಿನಾಯಿತಿ). ಆದರೆ ನಮ್ಮಲ್ಲಿ ಕಾಯ್ದೆ ಇರೋದು ಬೇರೆ, ಜಾರಿ ಆಗೋದು ಬೇರೆ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೇ ಬೇಕು ಅಂತ ಕರ್ನಾಟಕ ಸರ್ಕಾರ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. ಆಗಿನ ಗೋಳು ನೆನಪಿದೆಯಾ? ಹೂ ಮುಡಿದುಕೊಂಡು ಮದುವೆಗೆ ಹೋಗೋದು ಹೇಗೆ, ಜಡೆ ಎಲ್ಲಿ ಇಡೋದು, ಎರಡೆರಡು ಹೆಲ್ಮೆಟ್ ಹೊತ್ತುಕೊಂಡು ಮಾಲ್ ಸುತ್ತೋದು ಹೇಗೆ... ಎಲ್ಲರ ಬಾಯಲ್ಲೂ ಇದೇ. ಆಗ ಫುಟ್‌ಪಾತಿನ ಮೇಲೆ ರಾಶಿ ರಾಶಿ ಟೋಪಿ ಹೆಲ್ಮೆಟ್ಟುಗಳು ಬಂದು ಕೂತವು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ದಂಡ ಸಾವಿರ ರೂಪಾಯಿಗೆ ಏರಿತು. ಗಲಾಟೆ ಆಯಿತು. ಅದೇ ತಿಂಗಳು ನಮ್ಮ ಸರ್ಕಾರ ಅದನ್ನು 500ಕ್ಕೆ ಇಳಿಸಿತು.

ಆಮೇಲೆ ಸಿಗ್ನಲ್ಲುಗಳಲ್ಲಿ ಕ್ಯಾಮೆರಾ ಬಂತು. ತಂಗಿಯನ್ನು ಹಿಂದೆ ಕೂರಿಸಿಕೊಂಡು ಹೋದಾಗ ಅವಳ ತಲೆ ಖಾಲಿ ಇದ್ದಿದ್ದಕ್ಕೆ ನನ್ನ ಗಾಡಿ ಮೇಲೆ ಒಂದು ಕೇಸ್ ಬಿದ್ದಿತ್ತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರಲ್ಲ, ಥೇಟ್ ಆಷಾಢ ಸೇಲ್ ಥರ, ಜನ ಮುಗಿಬಿದ್ದು ಕಟ್ಟಿದರು. ನಾನೂ 500ಕ್ಕೆ 250 ಕಟ್ಟಿದೆ. ಇನ್ನೊಂದು ಸಲ ಕ್ಯಾಮೆರಾಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಅದೇ ವಾರ ರಸ್ತೆ ಬದಿಯಲ್ಲಿ ಒಂದು ಟೋಪಿ ಹೆಲ್ಮೆಟ್ ತಗೊಂಡೆ. ಅದಕ್ಕೂ 250. ಮೂರು ತಿಂಗಳಲ್ಲಿ ಅದರ ಗದ್ದದ ಕ್ಲಿಪ್ ಮುರಿಯಿತು. ಕ್ಯಾಮೆರಾಗೆ ಕ್ಲಿಪ್ ಕಾಣಿಸಲ್ಲವಲ್ಲ, ಹಾಗೇ ಬಿಟ್ಟೆ.

2023ರ ಜೂನ್, ಒಂದು ಶನಿವಾರ. ತಂಗಿ ಊರಿಗೆ ಹೊರಟಿದ್ದಳು. ಬೆಳಿಗ್ಗೆ ಐದೂಮುಕ್ಕಾಲಿಗೆ ನಾಗರಬಾವಿಯಿಂದ ಯಶವಂತಪುರ ಸ್ಟೇಷನ್ನಿಗೆ ಬಿಡಲು ಹೊರಟೆ. ರಸ್ತೆ ಖಾಲಿ. "ಅಣ್ಣಾ, ಇದರ ಕ್ಲಿಪ್ ಹಾಕೋಕೆ ಬರ್ತಿಲ್ಲ ಕಣೋ" ಅಂದಳು. "ಕೈಯಲ್ಲಿ ಹಿಡ್ಕೋ, ಹತ್ತು ನಿಮಿಷದ ದಾರಿ" ಅಂದೆ. ಈ ಒಂದು ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೀನೋ ಲೆಕ್ಕ ಇಲ್ಲ.

ಒಂದು ತಿರುವಿನಲ್ಲಿ ಯಾರೋ ಮನೆ ಕಟ್ಟಿಸಲು ಸುರಿದಿದ್ದ ಮರಳು ಅರ್ಧ ರಸ್ತೆಗೆ ಹರಡಿತ್ತು. ಅಷ್ಟರಲ್ಲಿ ನಾಯಿ ಅಡ್ಡ ಬಂತು. ಮುಂದಿನ ಬ್ರೇಕ್ ಹಿಡಿದೆ. ಮರಳಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಏನಾಗುತ್ತೆ ಅಂತ ಗಾಡಿ ಓಡಿಸುವವರಿಗೆ ಹೇಳಬೇಕಿಲ್ಲ. ಸ್ಪೀಡ್ ಮೂವತ್ತೂ ಇರಲಿಲ್ಲ. ನಾನು ಎಡಕ್ಕೆ ಬಿದ್ದು ಉಜ್ಜಿಕೊಂಡು ಹೋದೆ, ಹೆಲ್ಮೆಟ್ಟಿನ ಗದ್ದದ ಭಾಗ ರಸ್ತೆಗೆ ತಗುಲಿ ಕರ್ ಅಂತ ಸದ್ದಾಯಿತು, ಅಷ್ಟೇ. ಎದ್ದು ನಿಂತೆ. ತಂಗಿಯ ಹೆಲ್ಮೆಟ್ ನನಗಿಂತ ಮುಂದೆ ಉರುಳುತ್ತಾ ಹೋಗುತ್ತಿತ್ತು. ತಂಗಿ ಹಿಂದೆ ಬಿದ್ದಿದ್ದಳು, ತಲೆಯ ಹಿಂಭಾಗ ಫುಟ್‌ಪಾತಿನ ಅಂಚಿಗೆ.

ಒಬ್ಬ ಆಟೋದವರು ನಿಲ್ಲಿಸಿದರು. ದುಡ್ಡು ಕೊಡೋಕೆ ಹೋದರೆ "ಮೊದ್ಲು ಒಳಗೆ ಕರ್ಕೊಂಡ್ ಹೋಗಿ ಸಾರ್" ಅಂತ ಬೈದು ಹೊರಟುಹೋದರು. ಅವರ ಹೆಸರೂ ಕೇಳಲಿಲ್ಲ. ಇದನ್ನು ಓದುತ್ತಿದ್ದರೆ, ಅಣ್ಣ, ನಿಮಗೆ ನಮಸ್ಕಾರ.

ಹನ್ನೊಂದು ದಿನ ಆಸ್ಪತ್ರೆ. ಮಿದುಳಿನ ಹೊರಗೆ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಬೇಕಾಗಬಹುದು ಅಂದರು, ಆಮೇಲೆ ಬೇಡ ಅಂದರು. ಮೊದಲ ಎರಡು ದಿನ ಅವಳು ಮಾತಾಡಿದ್ದೆಲ್ಲ ಅಸಂಬದ್ಧ. ನನ್ನನ್ನು ನೋಡಿ "ಮೇಷ್ಟ್ರು ಬಂದ್ರಾ?" ಅಂದಳು.

ಮೊದಲ ದಿನ ಮಧ್ಯಾಹ್ನ ಅಪ್ಪ ಅಮ್ಮ ತಿಪಟೂರಿನಿಂದ ಬಂದರು. ಅಪ್ಪ ನನಗೆ ಬೈತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಐಸಿಯು ಹೊರಗಿನ ಕುರ್ಚಿಯಲ್ಲಿ ನನ್ನ ಪಕ್ಕ ಕೂತರು. ನನ್ನ ಹೆಲ್ಮೆಟ್ ಕಾಲ ಹತ್ತಿರ ಇತ್ತು. ಅದನ್ನು ಎತ್ತಿಕೊಂಡು, ಗದ್ದದ ಹತ್ತಿರ ತರಚಿದ್ದ ಜಾಗ ಬೆರಳಲ್ಲಿ ಸವರಿದರು. "ಇದಕ್ಕೆ ಎಷ್ಟು ಕೊಟ್ಟಿದ್ದೆ?" ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಅವಳದಕ್ಕೆ?" ಅಂದರು.

ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಹೆಲ್ಮೆಟ್ಟನ್ನು ಕೆಳಗಿಟ್ಟು ಕಾಫಿ ತರುತ್ತೇನೆ ಅಂತ ಎದ್ದು ಹೋದರು.

ಅವಳು ಮನೆಗೆ ಬಂದಳು. ನಡೆದಳು, ಓದಿದಳು, ಆರು ತಿಂಗಳಿಗೆ ಕೆಲಸಕ್ಕೂ ಹೋದಳು. ದೇವರು ದೊಡ್ಡವನು ಅಂತ ಎಲ್ಲರೂ ಅಂದರು. ಮನೆಗೆ ಬಂದು ಒಂದು ವಾರ ಆದ ಮೇಲೆ ಅಮ್ಮ ಒಗ್ಗರಣೆ ಹಾಕುವಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಇಂಗು ಹಾಕ್ಲಿಲ್ವಾ?" ಅಂತ ಕೇಳಿದಳು. ಇಂಗಿನ ವಾಸನೆ ಹಾಲ್‌ವರೆಗೂ ಬಂದಿತ್ತು. ಅವಳಿಗೆ ಬರಲಿಲ್ಲ. ಕಾಫಿಪುಡಿ, ಮಲ್ಲಿಗೆ, ಸೀಮೆಎಣ್ಣೆ... ಒಂದೊಂದೇ ಮೂಗಿನ ಹತ್ತಿರ ಹಿಡಿದೆವು. ಯಾವುದೂ ಇಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಾಗ ಬುರುಡೆ ನಿಂತರೂ ಒಳಗಿನ ಮಿದುಳು ನಿಲ್ಲುವುದಿಲ್ಲ, ಅಲ್ಲಾಡಿ ಮುಂಭಾಗಕ್ಕೂ ಗುದ್ದುತ್ತದೆ. ಮೂಗಿನ ಮೇಲ್ಭಾಗದ ಮೂಳೆಯಲ್ಲಿ ಜರಡಿಯಂಥ ಸಣ್ಣ ಸಣ್ಣ ತೂತುಗಳಿವೆ. ವಾಸನೆ ಹೊತ್ತೊಯ್ಯುವ ನರದ ಎಳೆಗಳು ಅದರಿಂದ ಮಿದುಳಿಗೆ ಹೋಗುತ್ತವೆ. ಮಿದುಳು ಅಲ್ಲಾಡಿದಾಗ ಆ ಎಳೆಗಳು ಹರಿದುಹೋಗುತ್ತವೆ. ಕೆಲವರಿಗೆ ಮೊದಲ ವರ್ಷದಲ್ಲಿ ವಾಪಸ್ ಬರುತ್ತೆ. ಇವಳಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಕೂತು ಓದುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಲಾರೆನ್ಸ್ ಆಫ್ ಅರೇಬಿಯಾ ಅಂತ ಸಿನಿಮಾ ಬಂತಲ್ಲ, ಆ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಕ್ಕೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ನರಶಸ್ತ್ರಚಿಕಿತ್ಸಕ ಒಬ್ಬರು. ಅವರು ಇದನ್ನು ಅಲ್ಲಿಗೇ ಬಿಡದೆ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ ಯಾಕೆ ಬೇಕು ಅಂತ ಲೇಖನ ಬರೆದರು. ಬ್ರಿಟಿಷ್ ಸೈನ್ಯದ ಬೈಕ್ ಸವಾರರಿಗೆ ಹೆಲ್ಮೆಟ್ ಬಂತು. ಬ್ರಿಟನ್ನಿನ ಸಾಮಾನ್ಯ ಜನಕ್ಕೆ ಕಡ್ಡಾಯ ಆಗಿದ್ದು ಮಾತ್ರ 1973ರಲ್ಲಿ. ಅಂದರೆ ಗೊತ್ತಾದ ಮೇಲೂ ಮೂವತ್ತು ವರ್ಷ! ತಲೆಗೆ ವಿಷಯ ಹೋಗೋದು ಎಲ್ಲಾ ದೇಶದಲ್ಲೂ ನಿಧಾನ.

ಇಂಜಿನಿಯರಿಂಗ್ ಮೊದಲ ವರ್ಷದ ಮೆಕ್ಯಾನಿಕ್ಸ್ ಅಲ್ಲಿ ಕೂತಾಗ ಮೊದಲ ಸಲ ಉಪಯೋಗಕ್ಕೆ ಬಂತು. ಸ್ಪೀಡ್ ಕಡಿಮೆ ಇತ್ತು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆನಲ್ಲ, ಲೆಕ್ಕ ಹಾಕಿದೆ. ಗಾಡಿ ನಿಂತೇ ಇರಲಿ, ಒಂದೂವರೆ ಮೀಟರ್ ಎತ್ತರದಿಂದ ತಲೆ ನೇರ ನೆಲಕ್ಕೆ ಬಿದ್ದರೆ ಗಂಟೆಗೆ ಸುಮಾರು 19 ಕಿಲೋಮೀಟರ್ ವೇಗದಲ್ಲಿ ಬಡಿಯುತ್ತೆ. ಹೆಲ್ಮೆಟ್ಟಿನ ಒಳಗಿನ ಗಟ್ಟಿ ಥರ್ಮಾಕೋಲ್ ಕುಸಿದು ಎರಡೂವರೆ ಸೆಂಟಿಮೀಟರ್ ಜಾಗದಲ್ಲಿ ತಲೆಯನ್ನು ನಿಲ್ಲಿಸಿದರೆ, ಆ ನಿಲ್ಲಿಸುವ ಜೋರು ಗುರುತ್ವಾಕರ್ಷಣೆಯ 60 ಪಟ್ಟು. ಥರ್ಮಾಕೋಲ್ ಇಲ್ಲದೆ ಮೂರೇ ಮಿಲಿಮೀಟರಿನಲ್ಲಿ ನಿಂತರೆ 500 ಪಟ್ಟು. ಹೆಲ್ಮೆಟ್ಟಿನ ವಿದ್ಯೆ ಇಷ್ಟೇ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತೆ, ಒಳಗಿನ ಥರ್ಮಾಕೋಲ್ ತಾನು ನುಜ್ಜಾಗಿ ತಲೆಗೆ ಸ್ವಲ್ಪ ಸಮಯ ಕೊಡುತ್ತೆ. ಒಂದು ಸಲ ನುಜ್ಜಾದರೆ ಮುಗಿಯಿತು, ಅದಕ್ಕೇ ಬಿದ್ದ ಹೆಲ್ಮೆಟ್ ಮತ್ತೆ ಹಾಕಬಾರದು. ಗದ್ದದ ಪಟ್ಟಿ ಇಲ್ಲದಿದ್ದರೆ ಇದು ಯಾವುದೂ ಇಲ್ಲ, ಯಾಕಂದ್ರೆ ತಲೆ ನೆಲ ಮುಟ್ಟುವ ಹೊತ್ತಿಗೆ ಹೆಲ್ಮೆಟ್ ಬೇರೆಲ್ಲೋ ಇರುತ್ತೆ.

ತಂಗಿಯ ಆ ಹೆಲ್ಮೆಟ್ಟನ್ನು ಮನೆಗೆ ತಂದು ಬಿಚ್ಚಿ ನೋಡಿದೆ. ಒಳಗೆ ತೆಳ್ಳಗೆ ಸ್ಪಂಜು, ಮೇಲೆ ಬಟ್ಟೆ. ಥರ್ಮಾಕೋಲ್ ಇರಲೇ ಇಲ್ಲ. ಐಎಸ್ಐ ಗುರುತು ಇತ್ತು, ಸ್ಟಿಕ್ಕರ್! ಉಗುರಲ್ಲಿ ಕೆರೆದರೆ ಬಂತು. 2021ರ ಜೂನ್ 1ರಿಂದ ಐಎಸ್ 4151 ಮಾನಕದ ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ ಅಂತ ಕಾನೂನಿದೆ. ನಾನು ತಗೊಂಡಿದ್ದು ಅದಾದ ಒಂದೂಮುಕ್ಕಾಲು ವರ್ಷದ ಮೇಲೆ. ಮಾರಿದವನನ್ನು ಬೈಯಲು ನನಗೆ ಬಾಯಿಲ್ಲ. ನನ್ನ ತಲೆಗೆ ಎರಡು ವಾರ ಓದಿದವನು ನಾನು, ಅವಳ ತಲೆಗೆ ಎರಡು ನಿಮಿಷ ಚೌಕಾಸಿ ಮಾಡಿದೆ.

2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಹೋದಾಗ ನಾವೆಲ್ಲ ಎಷ್ಟು ಮರುಗಿದೆವು. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ, ಗೆಳೆಯರ ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅವರ ಅಂಗಾಂಗ ದಾನ ಮಾಡಿದ ಸುದ್ದಿ ಓದಿ ಕಣ್ಣು ತುಂಬಿತ್ತು. ನಾನೂ ಸ್ಟೇಟಸ್ ಹಾಕಿದ್ದೆ. ಆದರೆ ಹಿಂದಿನ ಸೀಟು ಅನ್ನುವ ಮಾತು ನನ್ನ ತಲೆಗೆ ಹೋಗಿರಲಿಲ್ಲ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಗಾಡಿ ಅವರ ಕೈಯಲ್ಲಿರಲಿಲ್ಲ, ಬ್ರೇಕೂ ಇರಲಿಲ್ಲ. "ನನ್ನ ತಲೆ, ನನ್ನಿಷ್ಟ" ಅಂತ ವಾದ ಮಾಡುವ ಗೆಳೆಯರಿಗೆ ನಾನು ಈಗ ಕೇಳುವುದು ಒಂದೇ: ಹಿಂದೆ ಕೂತವರ ತಲೆ ಯಾರಿಷ್ಟ?

ಹೆಲ್ಮೆಟ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ರಸ್ತೆಗೆ ಮರಳು ಸುರಿಯುವವರೂ ಇರ್ತಾರೆ, ಗುಂಡಿಗಳೂ ಇರ್ತವೆ, ಹೆಲ್ಮೆಟ್ ಅಪಘಾತ ತಪ್ಪಿಸಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2008ರಲ್ಲಿ ಮಾಡಿದ ಕಾಕ್ರೇನ್ ವಿಮರ್ಶೆ ಹೇಳುವುದು, ಹೆಲ್ಮೆಟ್ಟಿನಿಂದ ಸಾವಿನ ಸಾಧ್ಯತೆ ಸುಮಾರು ಶೇಕಡಾ 42ರಷ್ಟು, ತಲೆಪೆಟ್ಟಿನದು ಶೇಕಡಾ 69ರಷ್ಟು ಕಡಿಮೆ ಆಗುತ್ತೆ ಅಂತ. ನೂರಕ್ಕೆ ನೂರು ಅಂತ ಯಾರೂ ಹೇಳಿಲ್ಲ. ಆದರೆ ಶೇಕಡಾ 69 ಸಿಗುವ ಕಡೆ ನಾನು ಸ್ಟಿಕ್ಕರ್ ಅಂಟಿಸಿದ ಸ್ಪಂಜು ಕೊಟ್ಟಿದ್ದೆ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಪ್ಪ ಹಾಲು ತರಲು ಹೊರಟರು, ಮನೆಯಿಂದ ಮುನ್ನೂರು ಮೀಟರ್. ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ ತಲೆ ಮೇಲೆ ಹೋಯಿತು, ಗದ್ದದ ಹತ್ತಿರ ಟಕ್ ಅಂತ ಸದ್ದು. ನನ್ನ ಕಡೆ ನೋಡಲಿಲ್ಲ. ನಾನೂ ಏನೂ ಹೇಳಲಿಲ್ಲ. ಬೀದಿಯಲ್ಲಿ ಯಾರೋ "ಏನ್ ಮೇಷ್ಟ್ರೇ, ಎಲ್ಲಿಗೆ, ಬೆಂಗಳೂರಿಗಾ?" ಅಂತ ರೇಗಿಸಿದ್ದು ಕೇಳಿಸಿತು.

ಇದನ್ನೆಲ್ಲ ಬರೀಲಾ ಅಂತ ತಂಗಿಯನ್ನು ಕೇಳಿದೆ. "ಬರಿ, ಹೆಸರು ಹಾಕ್ಬೇಡ" ಅಂದಳು. ಈಗ ಅವಳ ಹೆಲ್ಮೆಟ್ ಅವಳೇ ಆರಿಸಿ ತಂದಿದ್ದು, ನನ್ನದಕ್ಕಿಂತ ದುಬಾರಿ. ನಮ್ಮ ಮನೆಯಲ್ಲಿ ಹಾಲು ಉಕ್ಕಿ ಸೀದರೆ ಅವಳಿಗೆ ಗೊತ್ತಾಗಲ್ಲ, ಅದಕ್ಕೆ ಒಲೆ ಹತ್ತಿರವೇ ನಿಲ್ಲುತ್ತಾಳೆ. ಗ್ಯಾಸ್ ಸೋರಿದರೆ ಕೂಗಿಕೊಳ್ಳುವ ಒಂದು ಅಲಾರಂ ತಂದು ಹಾಕಿದ್ದೀನಿ. ಮಳೆಗಾಲದಲ್ಲಿ ಒಂದು ದಿನ ನನ್ನ ಹೆಲ್ಮೆಟ್ ಒದ್ದೆಯಾಗಿ, ಒಣಗದೆ, ಥೂ ಗಬ್ಬು ನಾತ ಅಂತ ಗೊಣಗಿಕೊಂಡು ಹೊರಗಿಟ್ಟೆ. ಅವಳು ತನ್ನ ಒದ್ದೆ ಹೆಲ್ಮೆಟ್ ಹಾಕಿಕೊಂಡು ಕ್ಲಿಪ್ ಸಿಕ್ಕಿಸಿ, "ನಂಗೇನ್ ತೊಂದ್ರೆ ಇಲ್ಲಪ್ಪ, ನಡಿ ಹೋಗಣ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಗೆಳೆಯರೇ, ಒಂದು ಕೆಲಸ ಮಾಡಿ. ಇದನ್ನು ಓದಿ ಮುಗಿಸಿದ ಮೇಲೆ ಗಾಡಿ ಹತ್ತಿರ ಹೋಗಿ, ನಿಮ್ಮದಲ್ಲ, ಆ ಎರಡನೇ ಹೆಲ್ಮೆಟ್ ಎತ್ತಿ ನೋಡಿ. ಒಳಗೆ ಥರ್ಮಾಕೋಲ್ ಇದೆಯಾ, ಕ್ಲಿಪ್ ಕೂರುತ್ತಾ? ನೋಡಿ ಬಂದು ಹೇಳಿ.