ಒಂದು ಗಂಟೆಯ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ನನಗೆ ನೆನಪಾಗುವುದು ಇಲ್ಲಿ ಪಡೆದ ಬಹುಮಾನವಲ್ಲ. ಇಲ್ಲಿ ಕಲಿತದ್ದನ್ನು ಮರೆತು ನಾನು ಮಾಡಿದ ಒಂದು ತಪ್ಪು.

2008ರ ಮಾರ್ಚ್ ತಿಂಗಳು. ಉದ್ಯೋಗನಿಮಿತ್ತ ಲಂಡನಿನಲ್ಲಿದ್ದ ನಾನು, ನಮಗೆ ಭೂಗೋಳ ಕಲಿಸಿದ ಮಾಸ್ಟರರ ವಿದಾಯ ಸಮಾರಂಭಕ್ಕೆಂದು ಕಾಸರಗೋಡಿಗೆ ಹೊರಟೆ. ಹೀಥ್ರೂ ನಿಲ್ದಾಣದಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ಒಂದು ಟಿಕೇಟು, ಅಲ್ಲಿಂದ ಬೆಂಗಳೂರಿಗೆ ಬೇರೊಂದು. ಆ ಎರಡು ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 655 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರು ವೇಗದಲ್ಲಿ ಹಾರಿದರೆ ಐವತ್ತೇ ನಿಮಿಷದ ದಾರಿ. ವೇಳಾಪಟ್ಟಿಯಲ್ಲಿ ಮಾತ್ರ ಒಂದು ಗಂಟೆ ನಲ್ವತ್ತು ನಿಮಿಷ. ಗೇಟಿನಿಂದ ಹೊರಟು ರನ್‌ವೇಯ ಸರದಿ ಕಾಯುವುದು, ಏರುವುದು, ಇಳಿಯುವುದು, ಮತ್ತೆ ಗೇಟು ಸೇರುವುದು ಎಲ್ಲವೂ ಅದರಲ್ಲಿ ಅಡಕ.

ಇಷ್ಟನ್ನು ಬಲ್ಲ ನಾನು, ಅಚ್ಚಾಗಿದ್ದ ತಲುಪುವ ವೇಳೆಯನ್ನು ನೋಡದೆ, 9ಕ್ಕೆ ಹೊರಟರೆ 10.40ಕ್ಕೆ ಇಳಿಯುವೆನೆಂದು ಎಣಿಸಿದ್ದೆ. ಬೆಂಗಳೂರಿನ ವಿಮಾನ 12.15ಕ್ಕೆ. ಇಳಿದಾಗ ನನ್ನ ಕೈಗಡಿಯಾರದಲ್ಲಿ 10.40, ನಿಲ್ದಾಣದ ಗಡಿಯಾರದಲ್ಲಿ 11.40! ಬ್ರಿಟನ್ನಿಗಿಂತ ಜರ್ಮನಿಯ ಸಮಯ ಒಂದು ಗಂಟೆ ಮುಂದೆ. ಬೆಂಗಳೂರಿನ ವಿಮಾನಕ್ಕೆ ಪ್ರಯಾಣಿಕರನ್ನು ಸೇರಿಸಿಕೊಳ್ಳುವ ವೇಳೆ ಮುಗಿದಿತ್ತು.

ಮರುದಿನದ ವಿಮಾನ ಹಿಡಿದು ಊರು ಸೇರಿದಾಗ ಶಾಲೆಯ ಅಂಗಳದಲ್ಲಿ ಚಪ್ಪರ ಬಿಚ್ಚುತ್ತಿದ್ದರು. ತಲೆ ತಗ್ಗಿಸಿಕೊಂಡು ಮಾಸ್ಟರರ ಮನೆಗೆ ಹೋದೆ. ಎಲ್ಲವನ್ನೂ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು:

“ಯಾವ ದಿಕ್ಕಿಗೆ ಹೋದದ್ದು?”

“ಪೂರ್ವಕ್ಕೆ, ಮಾಸ್ಟ್ರೇ.”

“ಹಾಗಾದರೆ ಗಡಿಯಾರ ಮುಂದೆ ಹೋಗಬೇಡವೇ? ಅಂಗಳದ ಕೋಲು ಮರೆತುಹೋಯಿತೋ?”

ಮರೆತಿರಲಿಲ್ಲ. ಏಳನೆಯ ತರಗತಿಯಲ್ಲಿದ್ದಾಗ, ಡಿಸೆಂಬರದ ಒಂದು ದಿನ, ಅವರು ಅಂಗಳದಲ್ಲಿ ಕೋಲು ನೆಡಿಸಿ ನೆರಳು ಅಳೆಯಿಸಿದ್ದರು. ನೆರಳು ಅತಿ ಚಿಕ್ಕದಾದದ್ದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾಸರಗೋಡು ಇರುವುದು 75ರ ಬಳಿ. ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ.

ಅಂದು ಅವರು ಹಳೆಯ ಭೂಪಟ ತೆರೆದು ಮತ್ತೊಮ್ಮೆ ಪಾಠ ಹೇಳಿದರು. ಹೀಥ್ರೂವಿಗೂ ಫ್ರಾಂಕ್‌ಫರ್ಟಿಗೂ ರೇಖಾಂಶದಲ್ಲಿ 9 ಡಿಗ್ರಿ ಅಂತರ. ಜರ್ಮನಿ ಅನುಸರಿಸುವುದು 15 ಡಿಗ್ರಿಯ ಸಮಯವನ್ನು. “ಸೂರ್ಯನ ಲೆಕ್ಕ ಮೂವತ್ತಾರು ನಿಮಿಷ, ಸರಕಾರದ ಲೆಕ್ಕ ಒಂದು ಗಂಟೆ. ಗೆರೆ ಎಳೆದವರು ಮನುಷ್ಯರು; ದಾಟುವವನು ಎರಡನ್ನೂ ತಿಳಿದಿರಬೇಕು” ಎಂದರು.

ಹಿಂದಿರುಗುವಾಗ ಫ್ರಾಂಕ್‌ಫರ್ಟಿನಿಂದ 9ಕ್ಕೆ ಹೊರಟ ವಿಮಾನ, ಪಶ್ಚಿಮದ ಎದುರುಗಾಳಿಯಲ್ಲಿ ಕೆಲವು ನಿಮಿಷ ಹೆಚ್ಚು ಹಿಡಿದು, ಲಂಡನಿನ ಸಮಯ 9.45ಕ್ಕೆ ಹೀಥ್ರೂ ಸೇರಿತು. ಕಳೆದುಕೊಂಡಿದ್ದ ಗಂಟೆ ಮರಳಿ ದೊರೆಯಿತು. ಗುರುಗಳಿಗೆ ಹಾರ ಹಾಕಿ ನಮಸ್ಕರಿಸುವ ಸಾಲಿನಲ್ಲಿ ನಾನಿಲ್ಲದ ಆ ದಿನ ಮಾತ್ರ ದೊರೆಯಲಿಲ್ಲ. ಈ ಬರಹವೇ ಆ ಸಾಲಿನಲ್ಲಿ ನನ್ನ ತಡವಾದ ನಮಸ್ಕಾರ.