ಅಂತೇವಾಸಿ

ಸಂಸ್ಕೃತದಲ್ಲಿ ವಿದ್ಯಾರ್ಥಿಯನ್ನು ಸೂಚಿಸುವ ಶಬ್ದಗಳು ಹಲವಿದ್ದರೂ ‘ಅಂತೇವಾಸಿ’ ಎಂಬುದಕ್ಕಿರುವ ಸ್ವಾರಸ್ಯ ಬೇರೊಂದಕ್ಕಿಲ್ಲ. ಸಮೀಪದಲ್ಲಿ ವಾಸಿಸುವವನೆಂದೇ ಅದರ ಅರ್ಥ. ಸಮಾಸವಾದರೂ ಪೂರ್ವಪದದ ಸಪ್ತಮೀ ವಿಭಕ್ತಿಯು ಲೋಪವಾಗದೆ ಉಳಿದಿರುವುದರಿಂದ ವೈಯಾಕರಣರು ಇದನ್ನು ಅಲುಕ್ ಸಮಾಸವೆನ್ನುತ್ತಾರೆ. ಓದುವವನೆಂಬುದಕ್ಕಿಂತ ಮೊದಲು, ತನ್ನದಲ್ಲದ ಮನೆಯಲ್ಲಿ ಇರುವವನೆಂಬುದೇ ವಿದ್ಯಾರ್ಥಿಯ ಲಕ್ಷಣವೆಂದು ಪ್ರಾಚೀನರು ಬಗೆದಿದ್ದರೆಂಬುದು ಈ ಒಂದು ಶಬ್ದದಿಂದಲೇ ವ್ಯಕ್ತವಾಗುತ್ತದೆ.

ಪುತ್ತೂರು, ಸುಳ್ಯ, ಮತ್ತು ಆ ಎರಡರ ಗ್ರಾಮಗಳನ್ನು ಕೂಡಿಸಿ ಈಚೆಗೆ ರಚಿತವಾದ ಕಡಬ, ಈ ಮೂರು ತಾಲೂಕುಗಳ ತೋಟದ ಮನೆಗಳಲ್ಲಿ ಮಗನನ್ನೋ ಮಗಳನ್ನೋ ವಿದೇಶಕ್ಕೆ ಕಳುಹಿಸುವ ಪ್ರಸ್ತಾಪವು ಇಂದು ಅಪೂರ್ವವಲ್ಲ. ಇಂಗ್ಲಿಷ್ ನಡೆಯುವ ದೇಶವಾದರೆ ಹಿರಿಯರ ಕಳವಳ ಒಂದು ಪಾಲು. ಫ್ರಾನ್ಸ್ ಎಂದೊಡನೆ ಅದು ಎರಡು ಪಾಲಾಗುತ್ತದೆ. ವಿದ್ಯಾರ್ಥಿನಿಲಯದಲ್ಲಲ್ಲ, ಅಲ್ಲಿಯ ಒಂದು ಕುಟುಂಬದ ಮನೆಯಲ್ಲಿ ಇರತಕ್ಕದ್ದೆಂದು ತಿಳಿದಾಗ ಮೂರಾಗುತ್ತದೆ. ಅವರ ಒಲೆಯ ಮೇಲೆ ಏನು ಬೇಯುವುದೋ, ಮಗಳು ಅವರೊಡನೆ ಕುಳಿತು ಏನು ಉಣ್ಣುವಳೋ, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಾರೋ ಎಂದು ತಾಯಿ ಚಿಂತಿಸುವುದು ಸಹಜವೇ. ಆದರೆ ಈ ಚಿಂತೆ ಈ ಸೀಮೆಗೆ ಹೊಸದೆಂದು ಭಾವಿಸುವುದು ಸರಿಯಲ್ಲ.

ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ, ಆಷಾಢ ಶ್ರಾವಣಗಳಲ್ಲಿ ಕುಮಾರಧಾರೆಯೂ ಪಯಸ್ವಿನಿಯೂ ತುಂಬಿ ಹರಿದರೆ, ಒಳನಾಡಿನ ಮಕ್ಕಳಿಗೆ ಶಾಲೆಯೆಂಬುದು ಪರದೇಶವೇ ಆಗಿತ್ತು. ಓದಬೇಕೆಂಬ ಹುಡುಗನು ಪೇಟೆಯಲ್ಲಿ ಬಂಧುಗಳ ಮನೆಯನ್ನೋ ಪರಿಚಿತರ ಜಗಲಿಯನ್ನೋ ಆಶ್ರಯಿಸುತ್ತಿದ್ದನು. ಅದೂ ಇಲ್ಲದವನಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು; ಹೀಗೆ ಏಳು ವಾರಗಳಿಗೆ ಏಳು ಮನೆ. ಒಂದು ಮನೆ ತಪ್ಪಿಹೋದರೆ ಆ ದಿನ ನೀರೇ ಗತಿ. ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ಹೇಳುವುದುಂಟು. ವಾರವನ್ನು ಎಣಿಸಿಕೊಂಡು ಬರುವ ಈ ಬಾಲಕನು ಅತಿಥಿಯೂ ಅಲ್ಲ, ಮನೆಯವನೂ ಅಲ್ಲ. ಎಷ್ಟು ಬಡಿಸಿದರೆ ಸಾಕೆನ್ನಬೇಕು, ಯಾರ ಮುಂದೆ ಮಾತನಾಡಬಾರದು ಎಂಬ ಪಾಠವನ್ನು ಅವನು ಅಮರಕೋಶಕ್ಕಿಂತ ಮೊದಲೇ ಕಲಿಯುತ್ತಿದ್ದನು.

ಈ ಪದ್ಧತಿಯನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ಎಲೆ ಹಾಕುವ ಮೊದಲು ಕುಲವನ್ನು ಕೇಳಲಾಗುತ್ತಿತ್ತು. ಅನ್ನ ದೊರೆಯುತ್ತಿದ್ದುದು ಬಡ ವಿದ್ಯಾರ್ಥಿಗೆಂಬುದು ನಿಜ. ಆದರೆ ಎಲ್ಲ ಬಡ ವಿದ್ಯಾರ್ಥಿಗಳಿಗಲ್ಲ. ಯಾವ ಜಗಲಿಯನ್ನೂ ಏರಗೊಡದ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸ್ವಜನರ ಬಹಿಷ್ಕಾರವನ್ನು ಸಹಿಸಿ ಶಾಲೆಗಳನ್ನು ನಡೆಸಬೇಕಾಯಿತು. ಮುಂದೆ ವಿದ್ಯೆಯೇ ಊರಿನ ಸಮೀಪಕ್ಕೆ ಬಂದಿತು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, ಸುಳ್ಯದಲ್ಲಿ 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ ನೆಹರೂ ಮೆಮೋರಿಯಲ್ ಕಾಲೇಜು ಆರಂಭವಾದವು. ವಾರಾನ್ನವು ನೆನಪಾಗಿ ಉಳಿಯಿತು.

ಸಮುದ್ರವನ್ನು ದಾಟಿ ಫ್ರಾನ್ಸಿನಲ್ಲಿ ಕಲಿತವರೂ ಈ ಕರಾವಳಿಯಲ್ಲಿ ಇಲ್ಲದಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಆ ಬಳಿಕ 1949-50ರಲ್ಲಿ ಪ್ಯಾರಿಸಿನ ಅಕಾದೆಮಿ ಜೂಲಿಯನ್ನಿನಲ್ಲಿ ಪುನಃ ವಿದ್ಯಾರ್ಥಿಯಾದರು. ಗುರುವಾದವನು ನಲವತ್ತರ ಸಮೀಪದಲ್ಲಿ ಮತ್ತೆ ಅಂತೇವಾಸಿಯಾಗುವುದು ಸಾಮಾನ್ಯವಾದ ವಿನಯವಲ್ಲ.

ಪರಗೃಹದ ಊಟದ ಕಷ್ಟಕ್ಕೆ ಪ್ರಸಿದ್ಧವಾದ ನಿದರ್ಶನವು ಗಾಂಧೀಜಿಯವರದು. 1888ರಲ್ಲಿ ಲಂಡನ್ನಿಗೆ ಹೋದ ಅವರು ತಾಯಿಗೆ ಕೊಟ್ಟ ವಚನದಂತೆ ಮಾಂಸವನ್ನು ಮುಟ್ಟದೆ, ಇನ್ನೂ ಬ್ರೆಡ್ಡು ಬೇಕೆಂದು ಕೇಳಲು ನಾಚಿ, ಅರೆಹೊಟ್ಟೆಯಲ್ಲಿ ದಿನ ಕಳೆದರು. ಮನೆಯೊಡತಿಯ ಹೆಣ್ಣುಮಕ್ಕಳು ಒಂದೆರಡು ಚೂರು ಹೆಚ್ಚಾಗಿ ಬಡಿಸುತ್ತಿದ್ದರಂತೆ. ಅವರಿಗೆ ಹುಡುಗನ ಹಸಿವಿನ ಅಳತೆ ತಿಳಿದಿರಲಿಲ್ಲ. ಬಡಿಸುವವರಲ್ಲಿ ಪ್ರೀತಿಯಿದ್ದರೂ ಉಣ್ಣುವವನು ಬಾಯಿ ಬಿಡದಿದ್ದರೆ ಹೊಟ್ಟೆ ತುಂಬದೆಂಬುದೇ ಇಲ್ಲಿಯ ನೀತಿ.

ಫ್ರೆಂಚರ ಮನೆಯಲ್ಲಿ ಕಲಿಯಬೇಕಾದ ಮೊದಲ ಪಾಠವೂ ಸರ್ವನಾಮದ್ದೇ. ಕನ್ನಡದಲ್ಲಿ ‘ನೀನು’, ‘ನೀವು’ ಎಂಬ ಭೇದವಿರುವಂತೆ ಅವರಲ್ಲಿ ‘ತ್ಯೂ’, ‘ವೂ’ ಎಂಬುವುಂಟು. ಇಂಗ್ಲಿಷ್ ಒಂದನ್ನೇ ಬಲ್ಲವನು ತೊಡರುವಲ್ಲಿ ಕನ್ನಡದ ಮಗು ತೊಡರದು. ಹಿರಿಯರಿಗೆ ಬಹುವಚನವೆಂಬುದು ಅದಕ್ಕೆ ರೂಢಿಯೇ. ಅಂಗಡಿಯನ್ನು ಹೊಕ್ಕೊಡನೆ ‘ಬೋಂಜೂರ್’ ಎಂದು ವಂದಿಸದೆ ಸಾಮಾನು ಕೇಳುವುದು ಅಲ್ಲಿ ಅವಿನಯ. ಊಟದ ಮೇಜಿನಲ್ಲಿ ಕೈಗಳನ್ನು ಕೆಳಗೆ ಮಡಿಲಲ್ಲಿ ಇಡಬಾರದು, ಮೇಲೆ ಕಾಣುವಂತೆ ಇಡಬೇಕು. ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಲ್ಲ, ಪಕ್ಕದಲ್ಲಿ ಮೇಜಿನ ಮೇಲೆಯೇ ಇಡುತ್ತಾರೆ. ಸಸ್ಯಾಹಾರಿಯು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಅಲ್ಲಿಯ ಚೀಸುಗಳಲ್ಲಿ ಅನೇಕವನ್ನು ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಹಾಕಿ ಮಾಡುತ್ತಾರೆ. ಮೊದಲ ದಿನವೇ ಮೃದುವಾಗಿ ತಿಳಿಸಿದರೆ ಮನೆಯೊಡತಿ ನೊಂದುಕೊಳ್ಳಲಾರಳು. ಹತ್ತು ದಿನ ಸುಮ್ಮನಿದ್ದು ಹನ್ನೊಂದನೆಯ ದಿನ ಮುಖ ತಿರುಗಿಸಿದರೆ ನೊಂದಾಳು.

ಭಾಷೆಯ ವಿಷಯದಲ್ಲಿ ಈ ಮೂರು ತಾಲೂಕುಗಳ ಮಕ್ಕಳು ಅಂಜಬೇಕಾದುದಿಲ್ಲ. ಮನೆಯಲ್ಲಿ ತುಳುವನ್ನೋ, ಹವ್ಯಕ ಕನ್ನಡವನ್ನೋ, ಅರೆಭಾಷೆಯನ್ನೋ, ಕೊಂಕಣಿ ಮಲೆಯಾಳಗಳನ್ನೋ ಆಡಿ, ಶಾಲೆಯಲ್ಲಿ ಗ್ರಂಥಸ್ಥ ಕನ್ನಡವನ್ನು ಕಲಿತ ಮಗುವು ಆರನೆಯ ವರ್ಷದಲ್ಲಿಯೇ ಇನ್ನೊಂದು ಭಾಷೆಯ ಮನೆಯಲ್ಲಿ ಬಿಡಾರ ಮಾಡಿರುತ್ತದೆ. ತಪ್ಪಾಡಿ ನಗಿಸಿಕೊಂಡು, ತಿದ್ದಿಕೊಂಡು, ಮತ್ತೆ ಆಡುವ ಧೈರ್ಯ ಅದಕ್ಕೆ ಹುಟ್ಟಿನ ಸ್ವತ್ತು.

ವೇಷಭೂಷಣ ಆಹಾರಗಳನ್ನು ಅನುಕರಿಸಿದ ಮಾತ್ರಕ್ಕೆ ಅಂತೇವಾಸಿಯಾದಂತಾಗದು. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ದ್ಯುಬ್ವಾ ಮೈಸೂರು ಸೀಮೆಯಲ್ಲಿ ಬಹುಕಾಲ ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು ಬಾಳಿದನು. ಹಿಂದೂಗಳ ಆಚಾರಗಳನ್ನು ಕುರಿತ ಅವನ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. 1823ರಲ್ಲಿ ಅವನು ಸ್ವದೇಶಕ್ಕೆ ಹಿಂದಿರುಗಿದಾಗ ತಾನು ಬಂದ ಕಾರ್ಯ ವಿಫಲವಾಯಿತೆಂಬ ನಿರಾಶೆಯೇ ಉಳಿದಿತ್ತು. ಕಲಿಸಲೆಂದೇ ಬಂದವನ ವಾಸವು ಬೇರೆ, ಕಲಿಯಲೆಂದು ಬಂದವನ ವಾಸವು ಬೇರೆ.

ಒಂದು ವಿಷಯದಲ್ಲಿ ಫ್ರೆಂಚರಿಂದ ಕಲಿಯತಕ್ಕದ್ದಿದೆ. ಬಾಡಿಗೆ ಕೊಟ್ಟು ಇರುವ ವಿದ್ಯಾರ್ಥಿಗಳಲ್ಲದೆ, ಮನೆಯ ಮಕ್ಕಳನ್ನು ನೋಡಿಕೊಂಡು, ಅದಕ್ಕೆ ಪ್ರತಿಯಾಗಿ ಕೋಣೆ, ಊಟ ಮತ್ತು ಕೈಖರ್ಚನ್ನು ಪಡೆದು ಭಾಷೆಯನ್ನು ಕಲಿಯುವ ತರುಣ ತರುಣಿಯರೂ ಅಲ್ಲಿರುತ್ತಾರೆ. ಇದಕ್ಕೆ ‘ಓ ಪೇರ್’ ಎಂದು ಹೆಸರು. ಸಮಾನವಾಗಿ ಎಂದು ಅದರ ಭಾವ. ವಾರಕ್ಕೆ 25 ಗಂಟೆಗಳಿಗಿಂತ ಹೆಚ್ಚು ಕೆಲಸ ಕೂಡದೆಂದೂ, ಕರಾರು ಬರವಣಿಗೆಯಲ್ಲಿ ಇರಬೇಕೆಂದೂ ನಿಯಮವಿದೆ. ಇಲ್ಲಿಯ ಜಗಲಿಯ ಹುಡುಗನು ಎಷ್ಟು ಕೊಡ ನೀರು ಸೇದಿದನೆಂದು, ಎಷ್ಟು ಹೊತ್ತು ಅಡಕೆ ಹೆಕ್ಕಿದನೆಂದು ಯಾರೂ ಎಣಿಸಿದ್ದಿಲ್ಲ. ಅನ್ನದ ಋಣವೆಂಬ ದೊಡ್ಡ ಮಾತಿನ ಮರೆಯಲ್ಲಿ ಹುಡುಗನ ದುಡಿಮೆ ಲೆಕ್ಕಕ್ಕೆ ಬಾರದೆ ಹೋಯಿತು.

ಹಾಗಾದರೆ ಅನ್ನದ ಋಣವೆಂಬುದು ಇಲ್ಲವೇ? ಇದೆ, ಆದರೆ ಅದು ತೀರುವ ಬಗೆ ಬೇರೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಬೋಧೆ ಬರುತ್ತದೆ. ಎಲ್ಲರೂ ಉದಾಹರಿಸುವ ಆ ಮಾತನ್ನು ಯಾರಿಗೆ ಹೇಳಿದೆಯೆಂಬುದನ್ನು ಗಮನಿಸುವವರು ವಿರಳ. ಅಧ್ಯಯನ ಮುಗಿಸಿ ಮನೆಗೆ ಹೊರಟು ನಿಂತ ಅಂತೇವಾಸಿಗೆ ಆಚಾರ್ಯನು ಅದನ್ನು ಹೇಳುತ್ತಾನೆ. ಇಷ್ಟು ವರ್ಷ ಪರರ ಮನೆಯಲ್ಲಿ ಉಂಡವನೇ, ಇನ್ನು ನಿನ್ನ ಮನೆಯ ಬಾಗಿಲನ್ನು ತೆರೆ ಎಂಬುದು ಅದರ ತಾತ್ಪರ್ಯ. ಫ್ರೆಂಚಿನಲ್ಲಿ ‘ಓತ್’ ಎಂಬ ಒಂದೇ ಶಬ್ದಕ್ಕೆ ಬಂದವನೆಂದೂ, ಬರಮಾಡಿಕೊಂಡವನೆಂದೂ ಎರಡು ಅರ್ಥಗಳಿವೆ. ಕನ್ನಡದ ‘ನೆಂಟ’ನೂ ಹಾಗೆಯೇ, ಈತನು ಆತನಿಗೆ ನೆಂಟನಾದರೆ ಆತನೂ ಈತನಿಗೆ ನೆಂಟನೇ.

ಇಂದು ಈ ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಇಬ್ಬರು ವೃದ್ಧರೂ ನಾಲ್ಕು ಬರಿಯ ಕೋಣೆಗಳೂ ಉಳಿದಿವೆ. ಪುತ್ತೂರು ಸುಳ್ಯಗಳ ಕಾಲೇಜುಗಳಿಗೆ ಹೊರಜಿಲ್ಲೆಗಳಿಂದ ಬಂದ ಮಕ್ಕಳು ಕೋಣೆಯನ್ನು ಹುಡುಕುತ್ತಿದ್ದಾರೆ. ಕೆಲವರಿಗೆ ಹೆಸರು ಹೇಳಿದ ಮೇಲೆ ಕೋಣೆ ಇಲ್ಲವಾಗುತ್ತದೆ. ದೂರದ ಲಿಯೋನಿನಲ್ಲಿ, ಮಗಳ ಕುಲಗೋತ್ರಗಳನ್ನು ಕೇಳದೆ, ಅವಳಿಗಾಗಿ ಮಾಂಸವಿಲ್ಲದ ಸಾರನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿಡುವ ಹೆಂಗಸೊಬ್ಬಳು ಇರಲೆಂದು ಹಾರೈಸುವ ತಾಯಿಯು, ತನ್ನ ಜಗಲಿಗೆ ಬಂದು ನಿಂತ ಪರವೂರ ಹುಡುಗಿಗೆ ಕುಲವನ್ನು ಕೇಳದೆ ಬೆಲ್ಲ ನೀರು ಕೊಟ್ಟು, ಒಳಗೆ ಕರೆದು, ತನ್ನ ಪಕ್ಕದಲ್ಲಿಯೇ ಎಲೆ ಹಾಕಬೇಕು. ಲಿಯೋನಿನ ಆ ಮನೆಯ ಋಣವು ತೀರುವುದು ಈ ಎಲೆಯಲ್ಲಿಯೇ.